ಕಮಾನಿನ ಕೆಳಗಿನ ಹಿತ್ತಿಲುಗಳು: ಡೋರೆಯ ಚಿತ್ರದ ಒಂದು ಮರುಮುದ್ರಣ

ಫ್ರೆಂಚ್ ಚಿತ್ರಕಾರ ಗುಸ್ತಾವ್ ಡೋರೆ 1872ರ ‘ಲಂಡನ್: ಎ ಪಿಲ್‌ಗ್ರಿಮೇಜ್’ ಪುಸ್ತಕಕ್ಕೆ ರಚಿಸಿದ ‘ಓವರ್ ಲಂಡನ್ ಬೈ ರೈಲ್’ ಎಂಬ ಮರಗೆತ್ತನೆ (ಮರದ ಮೇಲೆ ಕೆತ್ತಿ ಅಚ್ಚೊತ್ತಿದ) ಚಿತ್ರದ ದೊಡ್ಡ ಅಳತೆಯ ಮರುಮುದ್ರಣವನ್ನು ಆನ್‌ಲೈನ್ ಅಂಗಡಿಯೊಂದರಿಂದ ತರಿಸಿ, ಎರಡು ತಿಂಗಳಿಂದ ನನ್ನ ಓದುವ ಮೇಜಿನೆದುರು ತೂಗುಹಾಕಿದ್ದೇನೆ.

ಈ ಚಿತ್ರದಲ್ಲಿ ಸೇತುವೆ ಎರಡು ಸಲ ಬರುತ್ತದೆ. ಹತ್ತಿರದ್ದು ಕಪ್ಪು ಕಮಾನಾಗಿ ಇಡೀ ನೋಟಕ್ಕೆ ಚೌಕಟ್ಟು ಹಾಕಿದರೆ, ದೂರದ್ದರ ಮೇಲೆ ಹೊಗೆಯುಗುಳುತ್ತ ರೈಲು ಸಾಗುತ್ತಿದೆ. ಇವೆರಡರ ನಡುವೆ ಬಾಗುತ್ತ ಹೋಗುವ ಇಟ್ಟಿಗೆ ಮನೆಗಳ ಸಾಲುಗಳಿವೆ. ಅವುಗಳ ಹಿಂದೆ ಗೋಡೆಗೋಡೆಗಳ ನಡುವಿನ ಕಿರಿದಾದ ಹಿತ್ತಿಲುಗಳು, ಒಣಹಾಕಿದ ಬಟ್ಟೆಗಳು, ಚಿಕ್ಕ ಚಿಕ್ಕ ಮನುಷ್ಯರು. ದಡಗಳನ್ನು ಬೆಸೆಯಬೇಕಾದ ಸೇತುವೆ ಇಲ್ಲಿ ಜನರ ತಲೆಯ ಮೇಲೆ ಹಾದುಹೋಗುತ್ತದೆ. ಲಂಡನ್ನಿನ ಮೊದಲ ರೈಲುಮಾರ್ಗವಾದ ಲಂಡನ್-ಗ್ರೀನಿಚ್ ಹಾದಿಯೇ 878 ಕಮಾನುಗಳ ಮೇಲೆ ಸಾಗಿತ್ತು. ಮುಂದೆ ಬಂದ ಹಲವು ಹಾದಿಗಳು ನೆಲ ಅಗ್ಗವಾಗಿದ್ದ ಬಡವರ ಕೇರಿಗಳನ್ನೇ ಸೀಳಿಕೊಂಡು ಹೋದವು. ಮನೆಗೆ ಬಂದ ನೆಂಟರಿಗೂ ನಾವು ತೋರಿಸಲು ಹಿಂಜರಿಯುವ ಹಿತ್ತಿಲು, ಟಿಕೆಟ್ ಕೊಂಡ ಯಾವ ಅಪರಿಚಿತನಿಗಾದರೂ ಆ ಎತ್ತರದಿಂದ ಕಾಣುವಂತಾಯಿತು. ಚಿತ್ರವನ್ನು ನೋಡುವ ನಾನೂ ಕಮಾನಿನ ಈಚೆಗೇ ನಿಂತಿದ್ದೇನೆಂಬುದು ಅರಿವಾದಾಗ ಮನಸ್ಸು ನಿಜಕ್ಕೂ ಕಲಕಿತು.

ಡೋರೆ ಚಿತ್ರ ಬರೆದನೇ ಹೊರತು ಮರವನ್ನು ಕೆತ್ತಿದವರು ಬೇರೆ ಕುಶಲಕರ್ಮಿಗಳು. ಬಾಕ್ಸ್‌ವುಡ್ ಮರವನ್ನು ಅಡ್ಡಕ್ಕೆ ಕೊಯ್ದ ಗಟ್ಟಿ ಮೈಮೇಲೆ ಕೂದಲೆಳೆಯಂಥ ಗೆರೆಗಳು ನಿಲ್ಲುತ್ತವೆ. ಅಂಥ ಗೆರೆಗಳು ಒಂದರ ಪಕ್ಕ ಒಂದು ಸೇರಿದಾಗಲೇ ನೆರಳು ಹುಟ್ಟುತ್ತದೆ. ಒಂದೇ ಗೆರೆಯ ಈ ಪುನರಾವರ್ತನೆ ಒಂದೇ ಅಚ್ಚಿನ ಮನೆಗಳಿಗೆ ಅಚ್ಚರಿಯಾಗುವಷ್ಟು ಒಪ್ಪುತ್ತದೆ. ಆದರೆ ಹಿತ್ತಿಲಿನ ಜನರಿಗೂ ಅದೇ ಗತಿಯಾಗಿದೆ, ಒಬ್ಬರನ್ನೂ ಮುಖದಿಂದ ಗುರುತಿಸಲಾಗದು. ಡೋರೆಯ ಕರುಣೆ ಗುಂಪಿನವರೆಗೆ ಬಂದು ಅಲ್ಲೇ ನಿಂತಿತೆಂದು ನನಗನ್ನಿಸುತ್ತದೆ.

ಮರುಮುದ್ರಣದ ಕಾಗದ ದಪ್ಪವಾಗಿದೆ, ಅಂಚುಗಳನ್ನೂ ಕತ್ತರಿಸಿಲ್ಲ. ಕೊರತೆಯಿರುವುದು ಮುಖ್ಯವಾದ ಕಡೆಯಲ್ಲೇ: ಕಮಾನಿನ ಒಳಭಾಗದ ಗೆರೆಗಳೆಲ್ಲ ಕೂಡಿ ಮಸಿ ಬಳಿದಂತಾಗಿವೆ, ರೈಲಿನ ಹೊಗೆ ಬೂದು ಕಲೆಯಾಗಿದೆ. ಕೊಳ್ಳುವವರು ಈ ಎರಡು ಜಾಗಗಳ ಹಿಗ್ಗಿಸಿದ ಫೋಟೋವನ್ನು ಅಂಗಡಿಯವರಿಂದ ಮೊದಲೇ ಕೇಳಿ ಪಡೆಯಬೇಕು. ಅಲ್ಲಿ ಗೆರೆಗಳು ಬಿಡಿಬಿಡಿಯಾಗಿ ಕಾಣದಿದ್ದರೆ ಹಣ ಕೊಡಬಾರದು.