ಪುಣೆಯ 108 ಆಂಬುಲೆನ್ಸ್: ನವಲೆ ಸೇತುವೆ ಹತ್ತಿರ ಕಣ್ಣಾರೆ ಕಂಡದ್ದು

ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಪುಣೆಗೆ ವಾಪಸ್ ಬರುವ ನಮ್ಮವರಿಗೆಲ್ಲ ಕಾತ್ರಜ್ ಹೊಸ ಸುರಂಗ ದಾಟಿದ ಮೇಲೆ ನವಲೆ ಸೇತುವೆ ಕಡೆಗಿನ ಆ ಇಳಿಜಾರು ಗೊತ್ತೇ ಇರುತ್ತದೆ, ಅಲ್ವಾ? ಲಾರಿಯ ಬ್ರೇಕ್ ಕೈಕೊಟ್ಟು ಅಲ್ಲಿ ಸುಮಾರು ಅಪಘಾತ ಆಗಿವೆ. ಹೋದ ಮಳೆಗಾಲದಲ್ಲಿ ನಮ್ಮೆದುರೇ ಬೈಕ್ ಹುಡುಗನೊಬ್ಬನಿಗೆ ಟೆಂಪೊ ಗುದ್ದಿತು. ತೊಡೆಯಿಂದ ರಕ್ತ ಸುರಿಯುತ್ತಿತ್ತು.

"ಉಚಲಾ, ರಿಕ್ಷಾತ್ ಟಾಕಾ" (ಎತ್ತಿ, ರಿಕ್ಷಾಕ್ಕೆ ಹಾಕಿ) ಅಂತ ಜನ ಅವನನ್ನು ಎತ್ತೋಕೆ ಬಂದರು. ಅಕ್ಕ ಬಿಡಲಿಲ್ಲ. ದುಪಟ್ಟಾ ಮಡಚಿ ಗಾಯದ ಮೇಲಿಟ್ಟು ಎರಡೂ ಕೈಯಿಂದ ಒತ್ತಿ ಕೂತಳು. ನಾನು 108ಕ್ಕೆ ಫೋನ್ ಮಾಡಿದೆ. ಹಿಂದಿಯಲ್ಲೇ ಮಾತಾಡಿದರು: ಯಾವ ಕಡೆಗೆ ಹೋಗುವ ರಸ್ತೆ, ಹತ್ತಿರ ಏನಿದೆ, ಉಸಿರಾಡ್ತಿದ್ದಾನಾ, ಮಾತಾಡ್ತಿದ್ದಾನಾ. ಕಾಲು ಗಂಟೆಯೊಳಗೆ ಗಾಡಿ ಬಂತು.

ಮಹಾರಾಷ್ಟ್ರದಲ್ಲಿ 2014ರಲ್ಲಿ ಶುರುವಾದ ಈ ಸೇವೆಯ ದೊಡ್ಡ ಬಲ ಅಂದರೆ ಗಾಡಿಯಲ್ಲಿ ಡಾಕ್ಟರ್ ಇರುವುದು. ಅವತ್ತು ಬಂದ ಡಾಕ್ಟರ್ ರಕ್ತದಲ್ಲಿ ನೆನೆದ ದುಪಟ್ಟಾವನ್ನು ಕಿತ್ತು ನೋಡಲಿಲ್ಲ, ಅದರ ಮೇಲೆಯೇ ಬ್ಯಾಂಡೇಜ್ ಬಿಗಿಯಾಗಿ ಸುತ್ತಿದರು, ಕತ್ತಿಗೆ ಕಾಲರ್ ಹಾಕಿ, ಕಾಲಿಗೆ ಪಟ್ಟಿ ಕಟ್ಟಿ, ಅಲುಗಾಡದ ಹಾಗೆ ಸ್ಟ್ರೆಚರ್‌ಗೆ ಏರಿಸಿದರು. ಗಾಡಿ ಹೊರಡುವ ಮೊದಲೇ ಸಸೂನ್ ಆಸ್ಪತ್ರೆಗೆ ಫೋನ್ ಹೋಗಿತ್ತು. ರಿಕ್ಷಾದಲ್ಲಿ ಮಡಚಿ ಕೂರಿಸಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ದಾರಿಯುದ್ದಕ್ಕೂ ರಕ್ತ ಹೋಗುತ್ತಲೇ ಇರುತ್ತಿತ್ತು.

ಗೋಲ್ಡನ್ ಅವರ್ ಅಂತ ಕೇಳಿರುತ್ತೀರಿ, ಅಂದರೆ ಗಾಯವಾದ ಮೇಲೆ ಚಿಕಿತ್ಸೆ ಸಿಗಬೇಕಾದ ಮೊದಲ ಒಂದು ಗಂಟೆ. ಬಾಲ್ಟಿಮೋರ್‌ನ ಸರ್ಜನ್ ಆರ್. ಆಡಮ್ಸ್ ಕೌಲಿ ಅವರಿಂದ ಬಳಕೆಗೆ ಬಂದ ಮಾತು. ಹಾಗಂತ ಒಂದು ಗಂಟೆ ಪೂರ್ತಿ ನಮ್ಮ ಕೈಯಲ್ಲಿದೆ ಅಂದುಕೊಳ್ಳಬೇಡಿ. ದೊಡ್ಡ ರಕ್ತನಾಳ ಕಿತ್ತುಹೋದರೆ ಕೆಲವೇ ನಿಮಿಷದಲ್ಲಿ ಜೀವ ಹೋಗಬಹುದು. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಇಂಜೆಕ್ಷನ್‌ದೂ ಅದೇ ಕಥೆ. 2010ರಲ್ಲಿ ಬಂದ ಕ್ರ್ಯಾಶ್-2 ಅಧ್ಯಯನದಲ್ಲಿ 20,000ಕ್ಕೂ ಹೆಚ್ಚು ಗಾಯಾಳುಗಳಿದ್ದರು. ಬೇಗ ಕೊಟ್ಟವರಲ್ಲಿ ಸಾವು ಕಡಿಮೆಯಾಯಿತು. 3 ಗಂಟೆ ದಾಟಿದ ಮೇಲೆ ಕೊಟ್ಟರೆ ಉಪಯೋಗ ಇಲ್ಲದಿರಲಿ, ರಕ್ತಸ್ರಾವದಿಂದ ಸಾಯುವ ಅಪಾಯವೇ ಜಾಸ್ತಿ ಕಂಡಿತು.

ಆವತ್ತು ನನಗೆ ಬೇಜಾರಾಗಿದ್ದು ಸುತ್ತ ನಿಂತವರನ್ನು ನೋಡಿ. ಪೊಲೀಸ್ ಕೇಸ್ ಆಗುತ್ತೆ ಅಂತ ಸುಮ್ನೆ ವಿಡಿಯೊ ಮಾಡುತ್ತಿದ್ದರು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಸೆಕ್ಷನ್ ಸಹಾಯಕ್ಕೆ ಬಂದವರನ್ನೇ ಕಾಪಾಡುತ್ತದೆ ರೀ! ಹೆಸರು ಹೇಳಿ ಅಂತ ಒತ್ತಾಯ ಮಾಡುವ ಹಾಗೂ ಇಲ್ಲ.

ಆಂಬುಲೆನ್ಸ್‌ನವರು ಒಂದು ಪೈಸೆ ಕೇಳಲಿಲ್ಲ. ಹುಡುಗ ಉಳಿದ, ಈಗ ಕೋಲು ಹಿಡಿದು ನಡೆಯುತ್ತಾನಂತೆ. ನನ್ನ ಕಡೆಯಿಂದ ಐದಕ್ಕೆ ಐದು ಸ್ಟಾರ್. ಫೋನ್ ಮಾಡುವಾಗ ಒಂದು ನೆನಪಿರಲಿ: ಹೈವೇಯಲ್ಲಿ ನೀವು ಮುಂಬೈ ಕಡೆ ಹೋಗುವ ಬದಿಯಲ್ಲಿದ್ದೀರೋ, ಸಾತಾರಾ ಕಡೆಯ ಬದಿಯಲ್ಲೋ, ಅದನ್ನು ಮೊದಲೇ ಹೇಳಿ. ತಪ್ಪಾದರೆ ಗಾಡಿ ಸುತ್ತು ಹಾಕಿ ಬರಬೇಕಾಗುತ್ತದೆ.