ಒಬ್ಬಳೇ ಮಗಳು, ಮೂರು ರೇಟಿಂಗ್

ಮಕ್ಕಳು ಫೋನಿನಲ್ಲಿ ಚೆಸ್ ಆಡಲು ಲಿಚೆಸ್ ಒಳ್ಳೆಯದೋ, ಚೆಸ್ ಡಾಟ್ ಕಾಮ್ ಒಳ್ಳೆಯದೋ ಅಂತ ಕೇಳಿದರೆ, ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಲಿಚೆಸ್‌ಗೆ. ದುಡ್ಡಿಲ್ಲ, ಜಾಹೀರಾತಿನ ಕಾಟವಿಲ್ಲ. ನಾಲ್ಕನೇ ಕ್ಲಾಸಿನ ಮಗಳ ಕೈಗೆ ಫೋನ್ ಕೊಡುವ ಅಪ್ಪನಿಗೆ ಇನ್ನೇನು ಬೇಕು?

ಅಲ್ಲಿ ಅವಳ ರ‍್ಯಾಪಿಡ್ ರೇಟಿಂಗ್, ಅಂದರೆ ಚುರುಕು ಆಟದಲ್ಲಿ ಅವಳ ಬಲ ಅಳೆಯುವ ಅಂಕಿ, 1380. ಚೆಸ್ ಡಾಟ್ ಕಾಮ್‌ನಲ್ಲಿ ಅದೇ ಹುಡುಗಿ 850. "ಇಲ್ಲಿ ಯಾಕಮ್ಮ ಸರಿಯಾಗಿ ಆಡ್ತಿಲ್ಲ?" ಅಂತ ಸುಮ್ನೆ ಗದರಿದ್ದೆ. ಲಿಚೆಸ್ ಹೊಸಬರನ್ನೆಲ್ಲ 1500ರಲ್ಲಿ ಕೂರಿಸಿ ಆಮೇಲೆ ಏರಿಳಿಸುತ್ತದೆ. ಇನ್ನೊಂದರಲ್ಲಿ ಖಾತೆ ತೆರೆಯುವಾಗ ನಾವು ಆರಿಸುವ ಮಟ್ಟದಿಂದ ಶುರು. ಮಂಡಕ್ಕಿಯನ್ನು ಒಬ್ಬ ಸೇರಿನಲ್ಲಿ ಅಳೆದ, ಇನ್ನೊಬ್ಬ ತಕ್ಕಡಿಯಲ್ಲಿ ತೂಗಿದ, ಅಷ್ಟೇ. ಅಂದ ಹಾಗೆ, ಲಿಚೆಸ್‌ನಲ್ಲಿ ಅಂಕಿಯ ಪಕ್ಕ ಪ್ರಶ್ನೆ ಚಿಹ್ನೆ ಇದ್ದರೆ ಆ ರೇಟಿಂಗ್ ಇನ್ನೂ ಗಟ್ಟಿಯಾಗಿಲ್ಲ ಅಂತ ಅರ್ಥ.

ದುಡ್ಡು ಹೋದದ್ದು ಮೂರನೆಯ ರೇಟಿಂಗಿನಲ್ಲಿ. 1380 ನೋಡಿ ಉಬ್ಬಿಹೋಗಿ, ಬೇರೆ ಊರಿನ ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ರೇಟಿಂಗ್ ಟೂರ್ನಿಗೆ ಕರೆದುಕೊಂಡು ಹೋದೆ. ಪ್ರವೇಶ ಶುಲ್ಕ, ಬಸ್ಸು, ಎರಡು ರಾತ್ರಿ ಲಾಡ್ಜು ಸೇರಿ ಐದು ಸಾವಿರ ಕರಗಿತು. ಎಂಟು ಸುತ್ತಿಗೆ ಮೂರೂವರೆ ಅಂಕ. ದಾವಣಗೆರೆಗೆ ಬಂದಿಳಿದವನೇ ಖುಷಿಗೆ ರಾಮ್ ಅಂಡ್ ಕೋ ಸರ್ಕಲ್‌ನಲ್ಲಿ ಬೆಣ್ಣೆ ದೋಸೆ ಕೊಡಿಸಿದೆ.

ತಿಂಗಳು ಕಳೆದರೂ ರೇಟಿಂಗ್ ಬರಲಿಲ್ಲ. ಸ್ಕೋರ್ ಶೀಟ್‌ಗಳನ್ನು ಹಾಸಿಗೆ ಮೇಲೆ ಹರಡಿಕೊಂಡು ಎದುರಾಳಿಗಳ ಹೆಸರು ಒಂದೊಂದಾಗಿ ಹುಡುಕಿದೆ. ಎಂಟರಲ್ಲಿ ರೇಟಿಂಗ್ ಇದ್ದವರು ಮೂವರೇ! ಮಿಕ್ಕ ಐವರು ಇವಳ ಹಾಗೇ ಅನ್‌ರೇಟೆಡ್ ಮಕ್ಕಳು. ಇವಳು ಗೆದ್ದದ್ದೆಲ್ಲ ಅವರ ಮೇಲೆ, ಆ ಆಟಗಳು ರೇಟಿಂಗ್ ಲೆಕ್ಕಕ್ಕಿಲ್ಲ. ಮೊದಲ ರೇಟಿಂಗಿಗೆ ರೇಟಿಂಗ್ ಇರುವವರ ಜೊತೆ ಕನಿಷ್ಠ 5 ಆಟ ಬೇಕು. ಐದೂ ಆದ ಮೇಲೆ ಲೆಕ್ಕ 1400 ಮುಟ್ಟದಿದ್ದರೆ ಪಟ್ಟಿಯಲ್ಲಿ ಹೆಸರಿಲ್ಲ. 2024ರ ಮಾರ್ಚ್‌ವರೆಗೆ ಆ ಮಿತಿ 1000 ಇತ್ತು. ಇದನ್ನೆಲ್ಲ ದುಡ್ಡು ಕಟ್ಟುವ ಮೊದಲು ಓದಬೇಕಿತ್ತು, ಅಲ್ವಾ?

ಐದನ್ನೂ ಒಂದೇ ಟೂರ್ನಿಯಲ್ಲಿ ಆಡಬೇಕಿಲ್ಲ, 26 ತಿಂಗಳೊಳಗೆ ಕೂಡಿಸಿಕೊಳ್ಳಬಹುದು. ಆದರೆ ಮೊದಲ ಟೂರ್ನಿಯಲ್ಲಿ ರೇಟಿಂಗ್ ಇದ್ದವರ ಮೇಲೆ ಪೂರ್ತಿ ಸೊನ್ನೆ ಬಂದರೆ ಆ ಆಟಗಳೂ ಹೋದ ಹಾಗೇ. ನಮ್ಮವಳು ರೇಟಿಂಗ್ ಇದ್ದ ಒಬ್ಬ ಅಜ್ಜನ ಜೊತೆ ಆನೆ ಎದುರು ಆನೆ ಉಳಿಸಿಕೊಂಡು ಡ್ರಾ ಮಾಡಿದ್ದಳು. ಆ ಅರ್ಧ ಅಂಕ ಮೂರೂ ಆಟಗಳನ್ನು ಉಳಿಸಿತು.

ಈಗ ರಾತ್ರಿ ಊಟ ಆದ ಮೇಲೆ ಲಿಚೆಸ್‌ನಲ್ಲಿ ಹತ್ತು ನಿಮಿಷದ ಎರಡು ಆಟ, ಸೋತದ್ದನ್ನು ಅಲ್ಲೇ ಪುಕ್ಕಟೆ ವಿಶ್ಲೇಷಣೆ. ಟೂರ್ನಿ ಏನಿದ್ದರೂ ಊರಲ್ಲಿ ಅಥವಾ ಚಿತ್ರದುರ್ಗದಲ್ಲಿ ನಡೆದರೆ ಮಾತ್ರ, ಲಾಡ್ಜಿನ ಖರ್ಚು ಉಳಿಯುತ್ತದೆ. ಇನ್ನೆರಡು ಆಟ ಬಾಕಿ. 26ನೇ ತಿಂಗಳು ಯಾವಾಗ ಬರುತ್ತದೆ ಅಂತ ಫೋನಿನಲ್ಲಿ ಗುರುತು ಹಾಕಿಟ್ಟಿದ್ದೇನೆ.