ಒಬ್ಬರೇ ಚಿತ್ರ ಮಾಡುವಾಗ ಜೂಮ್ ಎಫ್3 ರೆಕಾರ್ಡರ್ ಎಷ್ಟು ಕೆಲಸ ಹೊರುತ್ತದೆ?

ಕೊನೆಯ ವರ್ಷದ ಪ್ರಾಜೆಕ್ಟ್‌ಗಾಗಿ ನಾನು 11 ನಿಮಿಷಗಳ ಕಿರುಚಿತ್ರವೊಂದನ್ನು ಮಾಡಿದೆ. ಕ್ಯಾಮೆರಾದ ಮುಂದೆ ಇಬ್ಬರು ಸಹಪಾಠಿಗಳಿದ್ದರು, ಹಿಂದೆ ಇದ್ದವಳು ನಾನೊಬ್ಬಳೇ. ಬರವಣಿಗೆ, ಬೆಳಕು, ಚಿತ್ರೀಕರಣ, ಧ್ವನಿಮುದ್ರಣ, ಸಂಕಲನ ಇವೆಲ್ಲವೂ ಒಬ್ಬರ ಹೆಗಲಿಗೆ ಬಿದ್ದಾಗ ಯಾವುದಾದರೊಂದು ಕೆಲಸಕ್ಕೆ ಅನ್ಯಾಯವಾಗುತ್ತದೆ. ಹೆಚ್ಚಾಗಿ ಅದು ಆಗುವುದು ಧ್ವನಿಗೆ. ನಟರು ಒಂದು ಹೆಜ್ಜೆ ಮುಂದೆ ಬಂದಾಗ ಫೋಕಸ್ ತಪ್ಪದಂತೆ ನೋಡಿಕೊಳ್ಳುವ ಕೈ, ಅದೇ ಕ್ಷಣದಲ್ಲಿ ರೆಕಾರ್ಡರಿನ ಮಟ್ಟವನ್ನು ಏರಿಸಿ ಇಳಿಸಲು ಸಾಧ್ಯವಿಲ್ಲ. ಜೂಮ್ ಎಫ್3 ರೆಕಾರ್ಡರನ್ನು ನಾನು ಆರಿಸಿಕೊಂಡದ್ದು ಈ ಒಂದು ಕಾರಣಕ್ಕೆ, ಮತ್ತು ಈ ವಿಮರ್ಶೆಯನ್ನು ಬರೆಯುತ್ತಿರುವುದೂ ಆ ದೃಷ್ಟಿಯಿಂದಲೇ.

2022ರಲ್ಲಿ ಬಂದ ಈ ಸಾಧನ ಅಂಗೈಯೊಳಗೆ ಹಿಡಿಸುವಷ್ಟು ಚಿಕ್ಕದು. ಇದರಲ್ಲಿ ಎರಡು ಎಕ್ಸ್‌ಎಲ್‌ಆರ್ ಇನ್‌ಪುಟ್‌ಗಳಿವೆ, ಅಂದರೆ ಮೂರು ಪಿನ್‌ಗಳ ಮೈಕ್ ಕೇಬಲ್ ಸಿಕ್ಕಿಸುವ ಜಾಗಗಳು. ಸ್ವಂತ ಮೈಕ್ ಇಲ್ಲವಾದ್ದರಿಂದ ಮೈಕ್ ಮತ್ತು ಕೇಬಲ್‌ಗಳನ್ನು ಬೇರೆಯಾಗಿಯೇ ಹೊಂದಿಸಿಕೊಳ್ಳಬೇಕು. ಮೊದಲ ಸಲ ಕೈಗೆತ್ತಿಕೊಂಡವರಿಗೆ ಅಚ್ಚರಿಯಾಗುವುದು ಇದರಲ್ಲಿ ಗೇನ್, ಅಂದರೆ ಮೈಕಿನಿಂದ ಬರುವ ಧ್ವನಿಯನ್ನು ಎಷ್ಟು ಹಿಗ್ಗಿಸಬೇಕೆಂಬುದನ್ನು, ಹೊಂದಿಸುವ ಗುಂಡಿಯೇ ಇಲ್ಲ ಎಂಬುದು. ಮೈಕಿನ ಸಂಕೇತವನ್ನು ಅಂಕಿಗಳಾಗಿಸುವ ಒಳಗಿನ ಎರಡು ಪರಿವರ್ತಕಗಳಲ್ಲಿ ಒಂದು ಮೆಲುದನಿಯನ್ನೂ ಇನ್ನೊಂದು ದೊಡ್ಡ ಸದ್ದನ್ನೂ ನೋಡಿಕೊಳ್ಳುತ್ತದೆ, ಎರಡೂ ಸೇರಿ 32 ಬಿಟ್ ಫ್ಲೋಟ್ ರೂಪದ ಫೈಲಾಗಿ ಉಳಿಯುತ್ತವೆ. ಸಾಮಾನ್ಯ 24 ಬಿಟ್ ಫೈಲಿನಲ್ಲಿ ಅತಿ ಮೆಲ್ಲಗಿನ ಮತ್ತು ಅತಿ ದೊಡ್ಡ ಸದ್ದುಗಳ ನಡುವೆ ಲೆಕ್ಕದ ಪ್ರಕಾರ 144 ಡೆಸಿಬೆಲ್ ಅಂತರವಿದ್ದರೆ, 32 ಬಿಟ್ ಫ್ಲೋಟ್‌ನಲ್ಲಿ ಅದು 1,500 ಡೆಸಿಬೆಲ್ಲನ್ನೂ ದಾಟುತ್ತದೆ. ಅಷ್ಟು ಅಂತರದ ಸದ್ದು ಯಾವ ಕೋಣೆಯಲ್ಲೂ ಹುಟ್ಟುವುದಿಲ್ಲ, ಯಾವ ಮೈಕೂ ಅದನ್ನು ಹಿಡಿಯುವುದಿಲ್ಲ. ಧ್ವನಿಯ ಮಟ್ಟ ಎಷ್ಟಿರಬೇಕೆಂಬ ತೀರ್ಮಾನವನ್ನು ಚಿತ್ರೀಕರಣದ ಗಡಿಬಿಡಿಯಿಂದ ಸಂಕಲನದ ಮೇಜಿಗೆ ಮುಂದೂಡಬಹುದು ಎಂಬುದಷ್ಟೇ ನಮಗೆ ಬೇಕಾದ ಅರ್ಥ.

ನನ್ನ ಚಿತ್ರದ ಮುಖ್ಯ ದೃಶ್ಯದಲ್ಲಿ ತಂಗಿ ಕಿಟಕಿಯ ಬಳಿ ನಿಂತು ಫೋನಿನಲ್ಲಿ ಪಿಸುಗುಡುತ್ತಾಳೆ, ಅಣ್ಣ ಒಳಗೆ ಬಂದು ಎರಡು ಮಾತು ಗದರಿ ಬಾಗಿಲನ್ನು ದಢಾರನೆ ಎಳೆದುಕೊಂಡು ಹೋಗುತ್ತಾನೆ. ಇಡೀ ದೃಶ್ಯವನ್ನು ಕಟ್ ಇಲ್ಲದೆ ಒಂದೇ ಶಾಟಿನಲ್ಲಿ ತೆಗೆಯಬೇಕೆಂಬುದು ನನ್ನ ಹಟವಾಗಿತ್ತು. ಹಿಂದಿನ ವರ್ಷ ಹಳೆಯ ಬಗೆಯ ರೆಕಾರ್ಡರಿನಲ್ಲಿ ಇಂಥದೇ ದೃಶ್ಯಕ್ಕೆ ಪ್ರಯತ್ನಿಸಿದಾಗ, ಪಿಸುಮಾತಿಗೆ ತಕ್ಕಂತೆ ಮಟ್ಟ ಏರಿಸಿದರೆ ಬಾಗಿಲಿನ ಸದ್ದು ಒಡೆಯುತ್ತಿತ್ತು, ಬಾಗಿಲಿಗೆ ತಕ್ಕಂತೆ ಇಳಿಸಿದರೆ ಪಿಸುಮಾತು ಸುಯ್ ಎನ್ನುವ ಸದ್ದಿನಲ್ಲಿ ಮುಳುಗುತ್ತಿತ್ತು. ಈ ಸಲ ಸಂಕಲನದಲ್ಲಿ ಫೈಲನ್ನು ತೆರೆದಾಗ ಬಾಗಿಲಿನ ಭಾಗದ ಅಲೆಗಳು ಮೇಲ್ಗಡೆ ಕತ್ತರಿಸಿಟ್ಟಂತೆ ಚಪ್ಪಟೆಯಾಗಿದ್ದವು. ಸದ್ದು ಈ ಸಲವೂ ಒಡೆದಿದೆ ಎಂದುಕೊಂಡು ಎದೆ ಧಸಕ್ಕೆಂದಿತು. ಮಟ್ಟವನ್ನು 18 ಡೆಸಿಬೆಲ್ ಇಳಿಸಿದೆ. ಚಪ್ಪಟೆಯಾಗಿ ಕಂಡಿದ್ದ ಜಾಗದಲ್ಲಿ ಅಲೆಗಳ ದುಂಡನೆಯ ತುದಿಗಳು ಒಂದೊಂದಾಗಿ ಮೂಡಿ ಬಂದವು. ಬಾಗಿಲು ಬಡಿದ ಮೇಲೆ ಚಿಲಕ ಅಲುಗಾಡಿದ ಸಣ್ಣ ಸದ್ದೂ ಅಲ್ಲಿ ಹಾಗೇ ಇತ್ತು. ಆ ಚಿಲಕದ ಸದ್ದೇ ಈಗ ದೃಶ್ಯದ ಕೊನೆಯ ಸದ್ದಾಗಿದೆ.

ಇಷ್ಟು ಹೊಗಳಿದ ಮೇಲೆ, ಈ ಸಾಧನವನ್ನು ನಂಬಿ ನಾನು ಮಾಡಿದ ತಪ್ಪನ್ನೂ ಹೇಳಬೇಕು. ಮಟ್ಟದ ಚಿಂತೆ ತಪ್ಪಿತೆಂಬ ನೆಮ್ಮದಿಯಲ್ಲಿ ಎರಡನೆಯ ದಿನ ನಾನು ಹೆಡ್‌ಫೋನ್ ಹಾಕಿಕೊಳ್ಳಲೇ ಇಲ್ಲ. ರೆಕಾರ್ಡರ್ ಮೈಕಿನ ಸ್ಟ್ಯಾಂಡಿನ ಹತ್ತಿರವಿತ್ತು, ಕ್ಯಾಮೆರಾ ಕೋಣೆಯ ಇನ್ನೊಂದು ತುದಿಯಲ್ಲಿತ್ತು, ಹೆಡ್‌ಫೋನಿನ ತಂತಿ ಅಷ್ಟು ದೂರ ಬರುತ್ತಿರಲಿಲ್ಲ. ನಾಲ್ಕು ಟೇಕ್‌ಗಳಲ್ಲೂ ನಟನ ಅಂಗಿಯ ಕಾಲರ್ ಎದೆಯ ಮೇಲಿನ ಪುಟ್ಟ ಮೈಕಿಗೆ ಉಜ್ಜುತ್ತಿತ್ತು. ಮನೆಗೆ ಬಂದು ಕೇಳಿದರೆ ಪ್ರತಿ ಮಾತಿನ ಜೊತೆಗೂ ಒಣ ಎಲೆಗಳನ್ನು ತಿಕ್ಕಿದಂಥ ಪರಪರ ಸದ್ದು. ಮಾತಿನೊಳಗೆ ಬೆರೆತ ಉಜ್ಜುವಿಕೆಯನ್ನು ಎಷ್ಟು ಬಿಟ್‌ಗಳಿದ್ದರೂ ಬೇರ್ಪಡಿಸಲಾಗುವುದಿಲ್ಲ. ನಟನನ್ನು ಮತ್ತೆ ಕರೆಸಿ, ಅವನು ತೆರೆಯ ಮೇಲಿನ ತನ್ನದೇ ತುಟಿಗಳನ್ನು ನೋಡುತ್ತಾ ಸಂಭಾಷಣೆಯನ್ನು ಡಬ್ ಮಾಡುವಂತಾಯಿತು. ಅವನು ಬೇಸರಿಸದೆ ಮಾಡಿಕೊಟ್ಟ, ಆದರೆ ಮೊದಲ ದಿನದ ಆ ಗದರಿಕೆಯಲ್ಲಿದ್ದ ಬಿಸಿ ಡಬ್ಬಿಂಗ್‌ನಲ್ಲಿ ಬರಲಿಲ್ಲ.

ದೂರದ ವಿಷಯದಲ್ಲೂ ಇದೇ ಮಾತು. ಮೈಕ್ ಮತ್ತು ಬಾಯಿಯ ನಡುವಿನ ದೂರ ಎರಡರಷ್ಟಾದರೆ ನೇರ ಧ್ವನಿ ಸುಮಾರು 6 ಡೆಸಿಬೆಲ್ ಕುಗ್ಗುತ್ತದೆ. ಗೋಡೆಗಳಿಗೆ ಬಡಿದು ಬರುವ ಮಾರ್ದನಿ ಹಾಗೆ ಕುಗ್ಗುವುದಿಲ್ಲ. ಆಮೇಲೆ ಮಟ್ಟವನ್ನು ಏರಿಸಿದರೆ ಮಾತಿನೊಂದಿಗೆ ಮಾರ್ದನಿಯೂ ಫ್ಯಾನಿನ ಸದ್ದೂ ಸರಿಸಮನಾಗಿ ಏರುತ್ತವೆ. ಬೂಮ್, ಅಂದರೆ ತುದಿಯಲ್ಲಿ ಮೈಕ್ ಕಟ್ಟಿದ ಉದ್ದನೆಯ ಕೋಲು, ಹಿಡಿಯಲು ಯಾರೂ ಇಲ್ಲದ ಕಾರಣ ನಾನು ಮೈಕನ್ನು ಸ್ಟ್ಯಾಂಡಿಗೆ ಕಟ್ಟಿ, ಚೌಕಟ್ಟಿನ ಅಂಚಿಗೆ ಸರಿಯಾಗಿ ನಟಿಯ ತಲೆಯಿಂದ ಸುಮಾರು ಎರಡಡಿ ಮೇಲೆ ನಿಲ್ಲಿಸಿದ್ದೆ. ಹೀಗಾಗಿ ಅವಳು ಕಿಟಕಿಯಿಂದ ಮಂಚದವರೆಗೆ ನಡೆದುಬರುವ ಚಲನೆಯನ್ನೇ ಕೈಬಿಡಬೇಕಾಯಿತು. ಬರೆದಿಟ್ಟ ನಡೆಯನ್ನು ಮೈಕಿನ ಸ್ಟ್ಯಾಂಡಿಗಾಗಿ ತಿದ್ದಿದ್ದು ಈಗಲೂ ನನ್ನನ್ನು ಕೊರೆಯುತ್ತದೆ. ಫ್ರಿಜ್ಜಿನ ಗುಂಯ್‌ಗುಡುವಿಕೆಯನ್ನು ಮಾತ್ರ ಸುಲಭವಾಗಿ ಗೆದ್ದೆ. ಅದನ್ನು ಆರಿಸಿ, ಮರೆಯದೆ ಮತ್ತೆ ಹಾಕಬೇಕೆಂದು ಮನೆಯ ಬೀಗದ ಕೈಯನ್ನು ಅದರೊಳಗೇ ಇಟ್ಟಿದ್ದೆ. ಪ್ರತಿ ದೃಶ್ಯದ ಕೊನೆಗೆ ಎಲ್ಲರನ್ನೂ ಸುಮ್ಮನಿರಿಸಿ ಖಾಲಿ ಕೋಣೆಯ ಮೌನವನ್ನು ಒಂದು ನಿಮಿಷ ಮುದ್ರಿಸಿಕೊಂಡದ್ದು ಸಂಕಲನದಲ್ಲಿ ಮಾತುಗಳ ನಡುವಿನ ಬಿರುಕುಗಳನ್ನು ತುಂಬಲು ಒದಗಿತು.

ದಿನನಿತ್ಯದ ಬಳಕೆಯ ಬಗ್ಗೆ ಹೇಳುವುದು ಕಡಿಮೆಯೇ. ಇದು ಎರಡು ಎಎ ಬ್ಯಾಟರಿಗಳಿಂದ ನಡೆಯುತ್ತದೆ. ಮೈಕಿಗೆ 48 ವೋಲ್ಟ್ ಫ್ಯಾಂಟಮ್ ಪವರ್ (ಧ್ವನಿಯ ಕೇಬಲ್ ಮೂಲಕವೇ ಹೋಗುವ ವಿದ್ಯುತ್) ಕೊಟ್ಟಾಗ ಅವು ಬೇಗ ಮುಗಿಯುವುದು ಸಹಜ, ಆದ್ದರಿಂದ ಯುಎಸ್‌ಬಿ-ಸಿ ಮೂಲಕ ಪವರ್ ಬ್ಯಾಂಕ್ ಜೋಡಿಸುವುದು ಒಳ್ಳೆಯದು. 48 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಧ್ವನಿಯ 48,000 ಮಾದರಿಗಳಂತೆ, ಎರಡು ಚಾನೆಲ್‌ಗಳ ಮುದ್ರಣ ಗಂಟೆಗೆ ಸುಮಾರು 1.4 ಜಿಬಿ ಜಾಗವನ್ನು ಮಾತ್ರ ತೆಗೆದುಕೊಳ್ಳುತ್ತದೆ. ಕ್ಯಾಮೆರಾದ ಧ್ವನಿಯೊಂದಿಗೆ ಇದನ್ನು ಹೊಂದಿಸಲು ನಾನು ಪ್ರತಿ ಟೇಕಿನ ಆರಂಭದಲ್ಲಿ ಲೆನ್ಸಿನ ಮುಂದೆ ಹೋಗಿ ಚಪ್ಪಾಳೆ ತಟ್ಟಿ ಓಡಿಬರುತ್ತಿದ್ದೆ.  ಅಂಗೈಗಳು ಕೂಡುವ ಚಿತ್ರದ ಚೌಕಟ್ಟನ್ನು ಹುಡುಕಿ ಅಲ್ಲಿಗೆ ಚಪ್ಪಾಳೆಯ ಚೂಪಾದ ಅಲೆಯನ್ನು ತಂದು ನಿಲ್ಲಿಸಿದರೆ ಸಾಕು.

ಸಂದರ್ಶನ, ಸಾಕ್ಷ್ಯಚಿತ್ರ, ಒಬ್ಬಿಬ್ಬರು ನಟರ ಕಿರುಚಿತ್ರ ಇಂಥವನ್ನು ಒಬ್ಬರೇ ನಿಭಾಯಿಸುವ ವಿದ್ಯಾರ್ಥಿಗಳಿಗೆ ಈ ರೆಕಾರ್ಡರನ್ನು ನಾನು ಸಂಕೋಚವಿಲ್ಲದೆ ಶಿಫಾರಸು ಮಾಡುತ್ತೇನೆ. ಮೂರು ನಾಲ್ಕು ಮೈಕ್‌ಗಳು ಒಟ್ಟಿಗೆ ಬೇಕಾದವರಿಗೆ ಎರಡು ಇನ್‌ಪುಟ್‌ಗಳು ಸಾಲುವುದಿಲ್ಲ. ಗೇನ್ ನೋಡಿಕೊಳ್ಳುವ ಕೈಯ ಕೆಲಸವನ್ನು ಇದು ಪೂರ್ತಿಯಾಗಿ ವಹಿಸಿಕೊಳ್ಳುತ್ತದೆ, ಕೇಳುವ ಕಿವಿಯ ಕೆಲಸವನ್ನು ವಹಿಸಿಕೊಳ್ಳುವುದಿಲ್ಲ. ಮುಂದಿನ ಚಿತ್ರಕ್ಕೂ ಇದೇ ರೆಕಾರ್ಡರ್ ಇರುತ್ತದೆ. ಹೆಡ್‌ಫೋನ್ ಹಾಕಿಕೊಂಡು ಬೂಮ್ ಹಿಡಿಯಲು ಕಿಟಕಿಯ ಬಳಿ ಪಿಸುಗುಟ್ಟಿದ ಆ ಗೆಳತಿಯೇ ಒಪ್ಪಿದ್ದಾಳೆ.